ಕಿರುಗುಟ್ಟಿದ ಕೀಲು, ಮರಳಿ ಬಂದ ನಡಿಗೆ: ಸರ್ ಜಾನ್ ಚಾರ್ನ್ಲಿ

ಮಕ್ಕಳೇ, ಓದಲು ಶುರುಮಾಡುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎದ್ದು ನಿಲ್ಲಿ. ಒಂದು ಕೈಯಲ್ಲಿ ಗೋಡೆಯನ್ನು ಹಿಡಿದುಕೊಳ್ಳಿ. ಈಗ ಒಂದು ಕಾಲನ್ನು ಮುಂದಕ್ಕೆ ಎತ್ತಿ. ಹಿಂದಕ್ಕೆ ಒಯ್ಯಿರಿ. ಪಕ್ಕಕ್ಕೆ ಚಾಚಿ. ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ. ಎಷ್ಟು ಸಲೀಸು, ಅಲ್ಲವೇ? ಮೊಣಕಾಲಿಗೆ ಹೀಗೆ ಎಲ್ಲ ದಿಕ್ಕಿಗೂ ತಿರುಗಲು ಬರುವುದಿಲ್ಲ. ಅದು ಬಾಗಿಲಿನ ಬಿಜಾಗರಿಯಂತೆ ಹೆಚ್ಚಾಗಿ ಹಿಂದೆ ಮುಂದೆ ಮಾತ್ರ ಆಡುತ್ತದೆ. ಕಾಲನ್ನು ಎಲ್ಲ ಕಡೆಗೂ ಆಡಿಸುವುದು ಸೊಂಟದ ಕೀಲು. ಇದನ್ನು ಚಪ್ಪೆ ಕೀಲು ಎಂದೂ ಕರೆಯುತ್ತಾರೆ.

ಈ ಕೀಲು ಕೆಟ್ಟರೆ ಏನಾಗುತ್ತದೆ? ಕೆಟ್ಟ ಕೀಲನ್ನು ತೆಗೆದು ಬೇರೆ ಕೀಲು ಹಾಕಲು ಸಾಧ್ಯವೇ? ಇಂದು ಸಾಧ್ಯ. ಅದನ್ನು ಸಾಧ್ಯ ಮಾಡಿದವರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯರ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತದೆ. ಅವರೇ ಜಾನ್ ಚಾರ್ನ್ಲಿ. ಅವರು ಗೆದ್ದ ಕಥೆ ಮಾತ್ರವಲ್ಲ, ಸೋತ ಕಥೆಯೂ ನಿಮಗೆ ತಿಳಿದಿರಬೇಕು. ಏಕೆಂದರೆ ಆ ಸೋಲಿನಿಂದಲೇ ಅವರ ಗೆಲುವು ಹುಟ್ಟಿತು.

ಒರಳು ಮತ್ತು ಗುಂಡು

ಅಜ್ಜಿಯ ಮನೆಯಲ್ಲಿ ರುಬ್ಬುವ ಒರಳುಕಲ್ಲನ್ನು ನೀವು ನೋಡಿರಬಹುದು. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಕೂತು ತಿರುಗುತ್ತದೆ. ಸೊಂಟದ ಕೀಲು ಇರುವುದೂ ಹೆಚ್ಚುಕಡಿಮೆ ಹೀಗೆಯೇ. ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ಗುಂಡು ಇದೆ. ಸೊಂಟದ ಮೂಳೆಯಲ್ಲಿ ಬಟ್ಟಲಿನಂಥ ಒಂದು ಗುಳಿ ಇದೆ. ಗುಂಡು ಗುಳಿಯಲ್ಲಿ ಕೂತು ಎಲ್ಲ ದಿಕ್ಕಿಗೂ ತಿರುಗುತ್ತದೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಒರಳಿನಲ್ಲಿ ಕಲ್ಲಿಗೆ ಕಲ್ಲು ಉಜ್ಜಬೇಕು. ಆಗಲೇ ನೆನೆಸಿದ ಅಕ್ಕಿ ನುಣ್ಣಗಾಗುತ್ತದೆ. ಕೀಲಿನಲ್ಲಿ ಮೂಳೆಗೆ ಮೂಳೆ ಉಜ್ಜಲೇಬಾರದು. ಅದಕ್ಕಾಗಿ ಗುಂಡಿನ ಮೇಲೂ ಗುಳಿಯ ಒಳಗೂ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಇದೆ. ಅವುಗಳ ನಡುವೆ ಜಾರಿಕೆಯ ಕೀಲುದ್ರವವಿದೆ. ಇವೆರಡೂ ಸೇರಿ ಕೀಲನ್ನು ಎಷ್ಟು ನುಣುಪು ಮಾಡುತ್ತವೆ ಗೊತ್ತೇ? ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸುಲಭವಾಗಿ ಆರೋಗ್ಯವಂತ ಕೀಲು ಜಾರುತ್ತದೆ.

ಇದರ ಮೇಲೆ ಬೀಳುವ ಹೊರೆಯೂ ಸಣ್ಣದಲ್ಲ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸೊಂಟದ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟು ಬಲ ಬೀಳುತ್ತದೆ. ನಿಮ್ಮ ತೂಕ 30 ಕಿಲೋಗ್ರಾಂ ಇದ್ದರೆ, ಹೆಜ್ಜೆ ಊರಿದಾಗ ನಿಮ್ಮ ಕೀಲು 75ರಿಂದ 90 ಕಿಲೋಗ್ರಾಂ ಭಾರಕ್ಕೆ ಸಮನಾದ ಒತ್ತಡವನ್ನು ತಡೆಯುತ್ತದೆ. ಒಂದು ಅಕ್ಕಿ ಮೂಟೆಗಿಂತ ಹೆಚ್ಚು!

ವಯಸ್ಸಾದಂತೆ ಕೆಲವರಲ್ಲಿ ಮೃದ್ವಸ್ಥಿ ಸವೆಯುತ್ತದೆ. ಕೆಲವರಿಗೆ ಸಂಧಿವಾತ ಎಂಬ ಕಾಯಿಲೆಯಿಂದ ಚಿಕ್ಕ ವಯಸ್ಸಿನಲ್ಲೇ ಕೀಲು ಹಾಳಾಗುತ್ತದೆ. ಆಗ ಮೂಳೆಗೆ ಮೂಳೆ ತಾಗುತ್ತದೆ. ಒಂದೊಂದು ಹೆಜ್ಜೆಯೂ ನೋವು. ಮೆಟ್ಟಿಲು ಹತ್ತಲಾಗದು. ನೆಲದ ಮೇಲೆ ಕೂರಲಾಗದು. ರಾತ್ರಿ ನಿದ್ದೆಯೂ ಬಾರದು. ಸುಮಾರು 70 ವರ್ಷಗಳ ಹಿಂದೆ ಇಂಥವರಿಗೆ ವೈದ್ಯರು ಹೆಚ್ಚೇನೂ ಮಾಡಲು ಆಗುತ್ತಿರಲಿಲ್ಲ. ಕೆಲವರಿಗೆ ಎರಡು ಮೂಳೆಗಳನ್ನೂ ಒಂದಕ್ಕೊಂದು ಬೆಸೆದುಬಿಡುತ್ತಿದ್ದರು. ನೋವು ಹೋಗುತ್ತಿತ್ತು, ಅದರ ಜೊತೆಗೆ ಕೀಲಿನ ಆಟವೂ ಹೋಗುತ್ತಿತ್ತು.

ಔಷಧಿ ಅಂಗಡಿಯವರ ಮಗ

ಜಾನ್ ಚಾರ್ನ್ಲಿ ಹುಟ್ಟಿದ್ದು 1911ರ ಆಗಸ್ಟ್ 29ರಂದು, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ. ಲ್ಯಾಂಕಾಶೈರ್ ಹತ್ತಿ ಗಿರಣಿಗಳಿಗೆ ಹೆಸರಾದ ನಾಡು. ಎಲ್ಲಿ ನೋಡಿದರೂ ನೂಲುವ, ನೇಯುವ ಯಂತ್ರಗಳು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಈ ಕಥೆಯಲ್ಲಿ ಮಗ್ಗದ ಚಕ್ರವೊಂದು ಬರಲಿದೆ.

ಜಾನ್ ಅವರ ತಂದೆ ಔಷಧಿ ಅಂಗಡಿ ನಡೆಸುತ್ತಿದ್ದರು. ತಾಯಿ ದಾದಿಯಾಗಿ ತರಬೇತಿ ಪಡೆದವರು. ಮನೆಯಲ್ಲಿ ಕಾಯಿಲೆ, ಔಷಧಿ, ಆರೈಕೆಯ ಮಾತು ಸಹಜವಾಗಿಯೇ ಇತ್ತು. ಊರಿನ ಶಾಲೆಯಲ್ಲಿ ಓದು ಮುಗಿಸಿದ ಜಾನ್ 1929ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೈದ್ಯಕೀಯ ಓದಲು ಸೇರಿದರು. 1935ರಲ್ಲಿ ವೈದ್ಯರಾದರು. ಮರುವರ್ಷವೇ ಶಸ್ತ್ರವೈದ್ಯರ ಕಠಿಣ ಪರೀಕ್ಷೆಯನ್ನೂ ಮುಗಿಸಿದರು. ಆಗ ಅವರಿಗೆ ಕೇವಲ 25 ವರ್ಷ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. 1940ರಲ್ಲಿ ಚಾರ್ನ್ಲಿ ಸೇನೆಯ ವೈದ್ಯರಾಗಿ ಸೇರಿದರು. ಆ ವರ್ಷವೇ ಫ್ರಾನ್ಸಿನ ಡಂಕರ್ಕ್ ಕಡಲತೀರದಿಂದ ಲಕ್ಷಾಂತರ ಸೈನಿಕರನ್ನು ಹಡಗು, ದೋಣಿಗಳಲ್ಲಿ ತುಂಬಿಕೊಂಡು ತರಬೇಕಾಯಿತು. ಆ ಕೆಲಸದಲ್ಲಿ ಅವರೂ ಇದ್ದರು. ಆಮೇಲೆ ಅವರನ್ನು ಈಜಿಪ್ಟಿನ ಕೈರೋಗೆ ಕಳಿಸಿದರು. ಅಲ್ಲಿ ಕೈಕಾಲು ಮುರಿದ ಸೈನಿಕರು ಬಹಳ. ಮುರಿದ ಮೂಳೆಯನ್ನು ಕದಲದಂತೆ ಹಿಡಿದಿಡುವ ಒಳ್ಳೆಯ ಸಲಕರಣೆಗಳು ಕಡಿಮೆ. ಚಾರ್ನ್ಲಿ ಸುಮ್ಮನೆ ಕೂರಲಿಲ್ಲ. ಸೇನೆಯ ಯಂತ್ರ ಕಾರ್ಯಾಗಾರಕ್ಕೆ ಹೋದರು. ಎಂಜಿನಿಯರುಗಳ ಜೊತೆ ಕೂತು ಬೇಕಾದ ಸಲಕರಣೆಗಳ ಚಿತ್ರ ಬರೆದು, ಮಾಡಿಸಿ, ಬಳಸಿದರು.

ಕತ್ತರಿ, ಚಾಕು ಹಿಡಿಯುವ ವೈದ್ಯರ ಕೈಗೆ ಸ್ಪ್ಯಾನರ್, ಅರ ಮತ್ತು ಲೇತ್ ಯಂತ್ರ ಕೂಡ ಒಗ್ಗಿದ್ದು ಹೀಗೆ. ಮುಂದೆ ತಮ್ಮ ಮನೆಯಲ್ಲೇ ಅವರು ಲೇತ್ ಇಟ್ಟುಕೊಂಡು ಕೃತಕ ಕೀಲಿನ ಭಾಗಗಳನ್ನು ಕಡೆಯುತ್ತಿದ್ದರು.

ತನ್ನ ಕಾಲಿನ ಮೇಲೆಯೇ ಪ್ರಯೋಗ

ಯುದ್ಧ ಮುಗಿದ ಮೇಲೆ ಚಾರ್ನ್ಲಿ ಮ್ಯಾಂಚೆಸ್ಟರ್‌ಗೆ ಮರಳಿದರು. ಮುರಿದ ಮೂಳೆ ಹೇಗೆ ಕೂಡಿಕೊಳ್ಳುತ್ತದೆ? ಒಂದು ಕಡೆಯಿಂದ ತೆಗೆದ ಮೂಳೆಯ ಚೂರನ್ನು ಇನ್ನೊಂದು ಕಡೆ ಇಟ್ಟರೆ ಅದು ಬದುಕುತ್ತದೆಯೇ? ಈ ಪ್ರಶ್ನೆಗಳು ಅವರನ್ನು ಕಾಡುತ್ತಿದ್ದವು. ಉತ್ತರ ಹುಡುಕಲು ಅವರು ಆರಿಸಿದ ರೋಗಿ ಯಾರು ಗೊತ್ತೇ? ತಾವೇ! ಸಹೋದ್ಯೋಗಿಯೊಬ್ಬರಿಂದ ತಮ್ಮ ಮೊಣಕಾಲಿನ ಕೆಳಗಿನ ಮೂಳೆಯ ಚೂರನ್ನು ತೆಗೆಸಿ ಮತ್ತೆ ಕೂರಿಸಿಕೊಂಡರು. ಅಲ್ಲಿ ಸೋಂಕು ತಗುಲಿತು. ಕೀವಾಯಿತು. ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಮೂಳೆಯೊಳಗೆ ರೋಗಾಣು ಹೊಕ್ಕರೆ ಆಗುವ ಕಷ್ಟ ಎಂಥದು ಎಂಬುದನ್ನು ಅವರು ತಮ್ಮ ಮೈಯಲ್ಲೇ ಅನುಭವಿಸಿದರು. ಮಕ್ಕಳೇ, ನೀವು ಯಾರೂ ನಿಮ್ಮ ಮೈಮೇಲೆ ಯಾವ ಪ್ರಯೋಗವನ್ನೂ ಮಾಡಬಾರದು. ಇಂದು ವೈದ್ಯರೂ ಹಾಗೆ ಮಾಡುವಂತಿಲ್ಲ. ಮನುಷ್ಯರ ಮೇಲೆ ನಡೆಸುವ ಪ್ರಯೋಗಗಳಿಗೆ ಈಗ ಕಟ್ಟುನಿಟ್ಟಾದ ನಿಯಮಗಳಿವೆ.

ಕಿರ್ ಕಿರ್ ಎಂದ ಸೊಂಟ

ಎತ್ತಿನ ಗಾಡಿಯ ಚಕ್ರಕ್ಕೆ ಕೀಲೆಣ್ಣೆ ಹಾಕದಿದ್ದರೆ ಏನಾಗುತ್ತದೆ? ಕಿರ್ ಕಿರ್ ಎಂದು ಸದ್ದು ಬರುತ್ತದೆ. ಚಾರ್ನ್ಲಿಯವರ ಬಳಿಗೆ ಬಂದ ಒಬ್ಬ ರೋಗಿಯ ಸೊಂಟ ಹೀಗೆಯೇ ಸದ್ದು ಮಾಡುತ್ತಿತ್ತು!

ಪ್ಯಾರಿಸ್ಸಿನ ಜ್ಯೂಡೆ ಸಹೋದರರು 1946ರ ಹೊತ್ತಿಗೆ ಒಂದು ಹೊಸ ವಿಧಾನ ಕಂಡುಹಿಡಿದಿದ್ದರು. ಹಾಳಾದ ಮೂಳೆಯ ಗುಂಡನ್ನು ತೆಗೆದು ಅದರ ಜಾಗದಲ್ಲಿ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಗುಂಡು ಕೂರಿಸುತ್ತಿದ್ದರು. ಈ ರೋಗಿಗೂ ಅಂಥದೇ ಗುಂಡು ಹಾಕಿದ್ದರು. ಅವರು ಊಟದ ಮೇಜಿನ ಬಳಿ ಮುಂದಕ್ಕೆ ಬಾಗಿದರೆ ಸಾಕು, ಸೊಂಟ ಕಿರುಗುಟ್ಟುತ್ತಿತ್ತು. ಆ ಸದ್ದು ಕೇಳಲಾರದೆ ಅವರ ಹೆಂಡತಿಯೇ ಜೊತೆಗೆ ಕೂತು ಊಟ ಮಾಡುವುದನ್ನು ತಪ್ಪಿಸುತ್ತಿದ್ದರಂತೆ.

ಬೇರೆಯವರಾಗಿದ್ದರೆ ನಕ್ಕು ಮರೆಯುತ್ತಿದ್ದರು. ಚಾರ್ನ್ಲಿ ಯೋಚನೆಗೆ ಬಿದ್ದರು. ಸದ್ದು ಬರುತ್ತಿದೆ ಎಂದರೆ ಘರ್ಷಣೆ ಹೆಚ್ಚಾಗಿದೆ ಎಂದರ್ಥ. ಘರ್ಷಣೆ ಹೆಚ್ಚಾದರೆ ಪ್ರತಿ ಹೆಜ್ಜೆಯಲ್ಲೂ ಪ್ಲಾಸ್ಟಿಕ್ ಗುಂಡನ್ನು ಯಾವುದೋ ಬಲ ತಿರುಚಿ ಎಳೆಯುತ್ತಿರುತ್ತದೆ. ಕೊನೆಗೆ ಗುಂಡು ಮೂಳೆಯಿಂದ ಸಡಿಲಗೊಳ್ಳುತ್ತದೆ. ಕೆಲವರಲ್ಲಿ ಸದ್ದು ತಾನಾಗಿಯೇ ನಿಲ್ಲುತ್ತಿತ್ತು. ಅದು ವಾಸಿಯಾದ ಗುರುತಲ್ಲ, ಗುಂಡು ಸಡಿಲವಾದ ಗುರುತು ಇರಬೇಕು ಎಂದು ಅವರು ತರ್ಕಿಸಿದರು.

ಹಾಗಾದರೆ ನಮ್ಮ ಸ್ವಂತ ಕೀಲು ಏಕೆ ಕಿರುಗುಟ್ಟುವುದಿಲ್ಲ? ಇದನ್ನು ತಿಳಿಯಲು ಅವರು ಕೀಲುಗಳ ಘರ್ಷಣೆಯನ್ನು ಅಳೆದು ನೋಡಿದರು. ಕೀಲಿನ ನುಣುಪಿಗೆ ದ್ರವ ಮಾತ್ರ ಕಾರಣವಲ್ಲ, ಮೃದ್ವಸ್ಥಿಯ ಮೇಲ್ಮೈಯೇ ಬಹಳ ಜಾರಿಕೆಯದು ಎಂಬ ತೀರ್ಮಾನಕ್ಕೆ ಬಂದರು. ಕೃತಕ ಕೀಲಿಗೂ ತಾನೇ ಜಾರುವಂಥ ವಸ್ತು ಬೇಕು. ಅದನ್ನು ಹುಡುಕಬೇಕು!

ಕ್ಷಯದ ಆಸ್ಪತ್ರೆಯಲ್ಲಿ ಹೊಸ ಕೆಲಸ

ಮ್ಯಾಂಚೆಸ್ಟರ್‌ನ ದೊಡ್ಡ ಆಸ್ಪತ್ರೆಯಲ್ಲಿ ಚಾರ್ನ್ಲಿ ಅವರಿಗೆ ಒಳ್ಳೆಯ ಹುದ್ದೆ ಇತ್ತು. ಸೊಂಟದ ಕೀಲಿಗಾಗಿಯೇ ದುಡಿಯಬೇಕೆಂದು ಅವರು ಅದನ್ನು ಬಿಟ್ಟರು. ವಿಗನ್ ಪಟ್ಟಣದ ಹತ್ತಿರ ರೈಟಿಂಗ್ಟನ್ ಎಂಬಲ್ಲಿ ಹಳ್ಳಿಗಾಡಿನ ಒಂದು ಆಸ್ಪತ್ರೆ ಇತ್ತು. ಅದು ಕ್ಷಯರೋಗಿಗಳಿಗಾಗಿ ಕಟ್ಟಿದ್ದು. ಕ್ಷಯಕ್ಕೆ ಒಳ್ಳೆಯ ಔಷಧಿಗಳು ಬಂದ ಮೇಲೆ ಅಲ್ಲಿ ಹಾಸಿಗೆಗಳು ಖಾಲಿಯಾಗತೊಡಗಿದ್ದವು. ಆ ಜಾಗ ಚಾರ್ನ್ಲಿ ಅವರ ಕೆಲಸಕ್ಕೆ ಒದಗಿ ಬಂತು. ಅಲ್ಲಿ ರೋಗಿಗಳ ಕೋಣೆಯೂ ಇತ್ತು, ಯಂತ್ರಗಳ ಕಾರ್ಯಾಗಾರವೂ ಇತ್ತು. ಹ್ಯಾರಿ ಕ್ರೇವನ್ ಎಂಬ ಯಂತ್ರಕುಶಲಿ ಅವರ ಜೊತೆಗೂಡಿದರು.

ಚಾರ್ನ್ಲಿ ಮೂರು ಸಮಸ್ಯೆಗಳನ್ನು ಬಿಡಿಸಬೇಕಿತ್ತು.

ಮೊದಲನೆಯದು ವಸ್ತು. ಅಂಟದ ದೋಸೆ ಕಾವಲಿಯನ್ನು ನೀವು ನೋಡಿರಬಹುದು. ಅದಕ್ಕೆ ಬಳಿಯುವ ಟೆಫ್ಲಾನ್ ಬಹಳ ಜಾರಿಕೆಯ ವಸ್ತು. ಚಾರ್ನ್ಲಿ ಅದರಿಂದಲೇ ಬಟ್ಟಲು ಮಾಡಿದರು. ಗುಂಡನ್ನು ತುಕ್ಕು ಹಿಡಿಯದ ಉಕ್ಕಿನಿಂದ ಮಾಡಿದರು. ಹಿಂದೆ ಬಹಳ ಕಡೆ ಗುಂಡನ್ನು ಮಾತ್ರ ಬದಲಿಸುತ್ತಿದ್ದರು. ಇವರು ಗುಂಡು, ಬಟ್ಟಲು ಎರಡನ್ನೂ ಬದಲಿಸಿದರು.

ಎರಡನೆಯದು ಗಾತ್ರ. ನಮ್ಮ ತೊಡೆಮೂಳೆಯ ಗುಂಡು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಗಲ ಇರುತ್ತದೆ. ಚಾರ್ನ್ಲಿ ತಮ್ಮ ಗುಂಡನ್ನು ಚಿಕ್ಕದು ಮಾಡುತ್ತ ಹೋಗಿ ಕೊನೆಗೆ ಸುಮಾರು 22 ಮಿಲಿಮೀಟರಿಗೆ ಇಳಿಸಿದರು. ಏಕೆ? ಬಾಗಿಲನ್ನು ಬಿಜಾಗರಿಯ ಹತ್ತಿರ ತಳ್ಳಿ ನೋಡಿ. ತಿರುಗಿಸುವುದು ಕಷ್ಟ. ಅಂಚಿನಲ್ಲಿ ತಳ್ಳಿ. ಥಟ್ಟನೆ ತಿರುಗುತ್ತದೆ. ಬಲ ಬೀಳುವ ಜಾಗ ತಿರುಗುವ ಜಾಗದಿಂದ ದೂರವಾದಷ್ಟೂ ತಿರುಚುವ ಶಕ್ತಿ ಹೆಚ್ಚು. ಗುಂಡು ಚಿಕ್ಕದಾದರೆ ಉಜ್ಜುವ ಜಾಗ ನಡುವಿಗೆ ಹತ್ತಿರವಾಗುತ್ತದೆ. ಆಗ ಘರ್ಷಣೆಯು ಬಟ್ಟಲನ್ನು ತಿರುಚಿ ಕೀಳುವ ಅಪಾಯ ಕಡಿಮೆಯಾಗುತ್ತದೆ. ಗುಂಡು ಚಿಕ್ಕದಾದರೆ ಬಟ್ಟಲನ್ನು ದಪ್ಪವಾಗಿಯೂ ಮಾಡಬಹುದು. ನೀವು ಪಾಠದಲ್ಲಿ ಓದುವ ಸನ್ನೆಯ ತತ್ತ್ವ ಹೀಗೆ ಮನುಷ್ಯರ ಸೊಂಟದೊಳಗೂ ಕೆಲಸಕ್ಕೆ ಬಂತು!

ಮೂರನೆಯದು ಹಿಡಿತ. ಉಕ್ಕನ್ನು ಮೂಳೆಯೊಳಗೆ ಗಟ್ಟಿಯಾಗಿ ಕೂರಿಸುವುದು ಹೇಗೆ? ಮ್ಯಾಂಚೆಸ್ಟರ್‌ನ ದಂತವೈದ್ಯ ಶಾಲೆಯಲ್ಲಿದ್ದ ಡೆನಿಸ್ ಸ್ಮಿತ್ ಎಂಬ ವಿಜ್ಞಾನಿ ಒಂದು ದಾರಿ ತೋರಿಸಿದರು. ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ ಮಾಡಲು ಅಕ್ರಿಲಿಕ್ ಬಳಸುತ್ತಾರೆ. ಅದರ ಪುಡಿಯನ್ನು ದ್ರವದೊಂದಿಗೆ ಕಲಸಿದರೆ ಕಣಕದಂತಾಗಿ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಚಾರ್ನ್ಲಿ ಇದನ್ನು ಮೂಳೆಯ ಪೊಳ್ಳಿನಲ್ಲಿ ತುಂಬಿ, ಅದರಲ್ಲಿ ಉಕ್ಕಿನ ಕಡ್ಡಿಯನ್ನು ಕೂರಿಸಿದರು. ಇದು ಗೋಂದಿನಂತೆ ಅಂಟಿಸುವುದಿಲ್ಲ. ಕಲ್ಲಿನ ಗೋಡೆಯ ಸಂದಿಗೆ ತುಂಬಿದ ಗಾರೆಯಂತೆ ಎಲ್ಲ ಸಂದುಗಳಲ್ಲೂ ಹೊಕ್ಕು ಗಟ್ಟಿಯಾಗಿ ಹಿಡಿಯುತ್ತದೆ. ಮೇಲೆ ಬೀಳುವ ಭಾರವನ್ನು ಎಲ್ಲ ಕಡೆಗೂ ಹಂಚುತ್ತದೆ.

ಎಲ್ಲವೂ ಹಾಳಾದ ದಿನಗಳು

1958ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 300 ರೋಗಿಗಳಿಗೆ ಟೆಫ್ಲಾನ್ ಕೀಲು ಹಾಕಿದರು. ಫಲ ಅದ್ಭುತವಾಗಿತ್ತು. ವರ್ಷಗಟ್ಟಲೆ ನೋವಿನಿಂದ ನರಳಿದವರು ನಡೆಯತೊಡಗಿದರು. ಊರುಗೋಲು ಬಿಟ್ಟರು. ರಾತ್ರಿ ನೆಮ್ಮದಿಯಿಂದ ಮಲಗಿದರು. ಚಾರ್ನ್ಲಿ ಅವರಿಗೆ ಎಲ್ಲೆಡೆ ಹೊಗಳಿಕೆ.

ಆದರೆ ಎರಡು ಮೂರು ವರ್ಷ ಕಳೆಯುತ್ತಿದ್ದಂತೆ ಅದೇ ರೋಗಿಗಳು ಒಬ್ಬೊಬ್ಬರಾಗಿ ಮರಳಿ ಬಂದರು. ಮತ್ತೆ ನೋವು. ಎಕ್ಸ್‌-ರೇ ತೆಗೆದು ನೋಡಿದರೆ, ಉಕ್ಕಿನ ಗುಂಡು ಟೆಫ್ಲಾನ್ ಬಟ್ಟಲನ್ನು ಕೊರೆದುಕೊಂಡು ಒಳಗೆ ಇಳಿದಿತ್ತು! ಟೆಫ್ಲಾನ್ ಜಾರಿಕೆಯದು ನಿಜ. ಆದರೆ ದೇಹದ ಭಾರ ತಡೆಯುವಷ್ಟು ಗಟ್ಟಿಯಲ್ಲ. ಸೀಮೆಸುಣ್ಣದಂತೆ ಸವೆದುಹೋಗುತ್ತಿತ್ತು. ಸವೆದ ಪುಡಿ ಸುತ್ತಲಿನ ಮಾಂಸದಲ್ಲಿ ಸೇರಿ ಊತ, ಗಂಟು ಉಂಟುಮಾಡುತ್ತಿತ್ತು. ಕೀಲು ಸಡಿಲವಾಗುತ್ತಿತ್ತು.

ಮಕ್ಕಳೇ, ಒಂದು ಕ್ಷಣ ಯೋಚಿಸಿ. ನಿಮ್ಮನ್ನು ನಂಬಿ 300 ಜನ ಬಂದಿದ್ದಾರೆ. ನೀವು ಮಾಡಿದ ಕೆಲಸ ತಪ್ಪಾಗಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಚಾರ್ನ್ಲಿ ತಪ್ಪನ್ನು ಮುಚ್ಚಿಡಲಿಲ್ಲ. ಬಟ್ಟಲು ತಯಾರಿಸಿದವರ ಮೇಲಾಗಲಿ, ರೋಗಿಗಳ ಮೇಲಾಗಲಿ ದೂರು ಹೊರಿಸಲಿಲ್ಲ. ತಾವು ಹಾಕಿದ ಕೀಲುಗಳನ್ನು ತಾವೇ ಮತ್ತೆ ತೆಗೆಯಲು ನಿಂತರು. ಇದು ಮೊದಲ ಶಸ್ತ್ರಚಿಕಿತ್ಸೆಗಿಂತ ಎಷ್ಟೋ ಕಷ್ಟದ ಕೆಲಸ. ಅದನ್ನು ಕಿರಿಯ ವೈದ್ಯರಿಗೆ ಒಪ್ಪಿಸಿ ಅವರು ದೂರ ಸರಿಯಲಿಲ್ಲ. ತಮ್ಮ ತಪ್ಪಿನ ಹೊರೆ ತಾವೇ ಹೊರಬೇಕು ಎಂಬುದು ಅವರ ನಿಲುವಾಗಿತ್ತು. ತೆಗೆದ ಒಂದೊಂದು ಬಟ್ಟಲನ್ನೂ ಪರೀಕ್ಷಿಸಿ, ಎಷ್ಟು ಸವೆದಿದೆ ಎಂದು ಅಳೆದು ನೋಡಿದರು. ತಾವು ಕಂಡುಕೊಂಡದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಬೇರೆ ವೈದ್ಯರಿಗೂ ತಿಳಿಸಿದರು.

ಮಗ್ಗದ ಹಲ್ಲುಚಕ್ರ

1962ರ ಮೇ ತಿಂಗಳು. ಕೀಲಿಗೆ ಬೇರೆ ವಸ್ತು ಯಾವುದು ಎಂದು ತಿಳಿಯದೆ ಚಾರ್ನ್ಲಿ ಚಿಂತೆಯಲ್ಲಿದ್ದ ಸಮಯ. ಒಬ್ಬ ಮಾರಾಟಗಾರರು ರೈಟಿಂಗ್ಟನ್‌ಗೆ ಬಂದರು. ಅವರ ಕೈಯಲ್ಲಿ ಇದ್ದದ್ದು ಪ್ಲಾಸ್ಟಿಕ್ಕಿನ ಒಂದು ಹಲ್ಲುಚಕ್ರ. ಲ್ಯಾಂಕಾಶೈರಿನ ಮಗ್ಗಗಳಲ್ಲಿ ಬಳಸುತ್ತಿದ್ದ ಚಕ್ರ ಅದು. ಪಾಲಿಥೀನ್ ಚೀಲ ನಿಮಗೆ ಗೊತ್ತಲ್ಲ? ಇದೂ ಅದೇ ಜಾತಿಯ ಪ್ಲಾಸ್ಟಿಕ್. ಆದರೆ ಇದರ ಅಣುಗಳ ಸರಪಳಿ ಬಹಳ ಬಹಳ ಉದ್ದ. ಆದ್ದರಿಂದ ಇದು ಬಲು ಗಟ್ಟಿ.

ಚಾರ್ನ್ಲಿ ಅದನ್ನು ನೋಡಿ, ಇದರಿಂದ ಪ್ರಯೋಜನವಿಲ್ಲ ಎಂದು ಬದಿಗಿಟ್ಟುಬಿಟ್ಟರು. ದೊಡ್ಡವರೂ ಕೆಲವೊಮ್ಮೆ ಹೀಗೆ ಎಡವುತ್ತಾರೆ! ಆದರೆ ಹ್ಯಾರಿ ಕ್ರೇವನ್ ಬಿಡಲಿಲ್ಲ. ಸವೆತವನ್ನು ಅಳೆಯಲು ಅವರೊಂದು ಯಂತ್ರವನ್ನು ಕಟ್ಟಿದ್ದರು. ಚಾರ್ನ್ಲಿ ಪರದೇಶಕ್ಕೆ ಹೋಗಿದ್ದಾಗ ಕ್ರೇವನ್ ಆ ಪ್ಲಾಸ್ಟಿಕ್ಕಿನ ತುಂಡನ್ನು ಯಂತ್ರಕ್ಕೆ ಹಾಕಿ ಓಡಿಸಿದರು. ಹಗಲು ರಾತ್ರಿ ಯಂತ್ರ ಉಜ್ಜುತ್ತಲೇ ಇತ್ತು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುತ್ತಿದ್ದಷ್ಟು ಸಹ ಈ ವಸ್ತು ಮೂರು ವಾರಗಳಲ್ಲಿ ಸವೆಯಲಿಲ್ಲ!

ಮರಳಿ ಬಂದ ಚಾರ್ನ್ಲಿ ಯಂತ್ರದ ಅಳತೆ ನೋಡಿದರು. ತಮ್ಮ ಅಭಿಪ್ರಾಯವನ್ನು ಆಗಲೇ ಬದಲಿಸಿದರು. ತಾವು ಮುಖ್ಯ ವೈದ್ಯರು, ಕ್ರೇವನ್ ಯಂತ್ರಕುಶಲಿ ಎಂಬ ಹಮ್ಮು ಅಲ್ಲಿ ಅಡ್ಡ ಬರಲಿಲ್ಲ. ಅಳತೆ ಹೇಳಿದ್ದನ್ನು ಅವರು ಒಪ್ಪಿಕೊಂಡರು.

ಈ ಸಲ ಅವರು ಅವಸರಪಡಲಿಲ್ಲ. ಟೆಫ್ಲಾನ್ ಮತ್ತು ಹೊಸ ಪ್ಲಾಸ್ಟಿಕ್ಕಿನ ಕಣಗಳನ್ನು ತಮ್ಮ ತೊಡೆಯೊಳಗೇ ಹಾಕಿಕೊಂಡರು. ತಿಂಗಳುಗಳ ಕಾಲ ಗಮನಿಸಿದರು. ಟೆಫ್ಲಾನ್ ಇದ್ದ ಕಡೆ ಗಂಟು ಕೈಗೆ ಸಿಗುತ್ತಿತ್ತು. ಹೊಸ ವಸ್ತು ಇದ್ದ ಕಡೆ ಅಂಥ ತೊಂದರೆ ಕಾಣಲಿಲ್ಲ. 1962ರ ನವೆಂಬರಿನಲ್ಲಿ ಹೊಸ ಬಟ್ಟಲನ್ನು ಮೊದಲ ಬಾರಿಗೆ ರೋಗಿಗೆ ಹಾಕಿದರು. ಉಕ್ಕಿನ ಚಿಕ್ಕ ಗುಂಡು, ಗಟ್ಟಿ ಪಾಲಿಥೀನಿನ ಬಟ್ಟಲು, ಅಕ್ರಿಲಿಕ್ ಸಿಮೆಂಟ್. ಈ ಮೂರೂ ಸೇರಿದ ಕೀಲು ಬಹುಪಾಲು ರೋಗಿಗಳಲ್ಲಿ ವರ್ಷಗಳು ಕಳೆದರೂ ಗಟ್ಟಿಯಾಗಿ ನಿಂತಿತು.

ಕೋಣೆಯೊಳಗೆ ಗಾಜಿನ ಮನೆ

ಇನ್ನೊಂದು ಶತ್ರು ಬಾಕಿ ಇತ್ತು. ಅದು ಸೋಂಕು. ಅದರ ಕಷ್ಟ ಚಾರ್ನ್ಲಿ ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತಲ್ಲ! ಮೊದಮೊದಲು ಶಸ್ತ್ರಚಿಕಿತ್ಸೆಯಾದ 100 ಜನರಲ್ಲಿ ಸುಮಾರು 7 ಅಥವಾ ಅದಕ್ಕೂ ಹೆಚ್ಚು ಮಂದಿಗೆ ಕೀಲಿನಲ್ಲಿ ಸೋಂಕು ಆಗುತ್ತಿತ್ತು. ಆಗ ಹಾಕಿದ ಕೀಲನ್ನು ತೆಗೆಯಬೇಕಾಗುತ್ತಿತ್ತು.

ರೋಗಾಣು ಎಲ್ಲಿಂದ ಬರುತ್ತದೆ? ಕೋಣೆಯ ಗಾಳಿಯಿಂದ ಮತ್ತು ಒಳಗಿರುವ ಜನರ ಮೈಯಿಂದ ಎಂದು ಚಾರ್ನ್ಲಿ ಊಹಿಸಿದರು. ನಮ್ಮ ಚರ್ಮದಿಂದ ಸದಾ ಸಣ್ಣ ಸಣ್ಣ ಹೊಟ್ಟು ಉದುರುತ್ತಿರುತ್ತದೆ. ಅದರ ಜೊತೆ ರೋಗಾಣುಗಳೂ ತೇಲುತ್ತವೆ. ಅದನ್ನು ತಡೆಯಲು ಚಾರ್ನ್ಲಿ ಆಸ್ಪತ್ರೆಯ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ ಕಟ್ಟಿಸಿದರು. ನೋಡಲು ಗಿಡ ಬೆಳೆಸುವ ಗಾಜಿನ ಮನೆಯಂತಿತ್ತು. ಗಾಳಿ ಶೋಧಿಸುವ ಯಂತ್ರಗಳ ತಜ್ಞರಾದ ಬೋಲ್ಟನ್ನಿನ ಹ್ಯೂ ಹೋವರ್ತ್ ಇದಕ್ಕೆ ನೆರವಾದರು. ಶೋಧಿಸಿದ ಗಾಳಿ ಮೇಲಿನಿಂದ ಇಳಿದು, ಕೊಳೆಯ ಗಾಳಿಯನ್ನು ಹೊರಗೆ ತಳ್ಳುತ್ತಿತ್ತು. ವೈದ್ಯರು ಬಾಹ್ಯಾಕಾಶ ಯಾತ್ರಿಗಳಂತೆ ತಲೆಯಿಂದ ಕಾಲಿನವರೆಗೆ ಮುಚ್ಚುವ ಉಡುಪು ತೊಡುತ್ತಿದ್ದರು. ಅವರು ಬಿಟ್ಟ ಉಸಿರನ್ನು ಕೊಳವೆಯೊಂದು ಹೊರಗೆ ಒಯ್ಯುತ್ತಿತ್ತು.

ಇಂಥ ಎಲ್ಲ ಎಚ್ಚರಿಕೆಗಳ ಫಲವಾಗಿ ಸುಮಾರು ಹತ್ತು ವರ್ಷಗಳಲ್ಲಿ ಸೋಂಕು 100 ಜನರಲ್ಲಿ ಒಬ್ಬರಿಗಿಂತಲೂ ಕಡಿಮೆಯಾಯಿತು. ಕೀಲು ಬದಲಿಸುವ ಕೋಣೆಗಳ ಗಾಳಿಯನ್ನು ಶೋಧಿಸಿ ಹಾಯಿಸುವ ಪದ್ಧತಿ ಆಮೇಲೆ ಹಲವು ದೇಶಗಳಿಗೆ ಹಬ್ಬಿತು.

ಅವಸರವಿಲ್ಲದ ಮಾರಾಟ

ಕೀಲಿನ ಸುದ್ದಿ ಹರಡಿತು. ಹಲವು ದೇಶಗಳ ವೈದ್ಯರು ಅದನ್ನು ಕೊಳ್ಳಲು ಮುಂದೆ ಬಂದರು. ಮಾರಿದ್ದರೆ ಬಹಳ ಹಣ ಬರುತ್ತಿತ್ತು. ಆದರೆ ಚಾರ್ನ್ಲಿ ಒಪ್ಪಲಿಲ್ಲ. ಟೆಫ್ಲಾನ್ ಕಲಿಸಿದ ಪಾಠವನ್ನು ಅವರು ಮರೆತಿರಲಿಲ್ಲ. ಎರಡು ವರ್ಷ ಚೆನ್ನಾಗಿ ನಡೆದರೆ ಸಾಲದು. ಹಲವು ವರ್ಷ ಕಾದು ನೋಡಬೇಕು ಎಂಬುದು ಅವರ ನಿಲುವು. ಬಹಳ ಕಾಲದವರೆಗೆ, ರೈಟಿಂಗ್ಟನ್‌ಗೆ ಬಂದು ಕಣ್ಣಾರೆ ನೋಡಿ ಕಲಿತ ವೈದ್ಯರಿಗೆ ಮಾತ್ರ ಕೀಲು ಸಿಗುತ್ತಿತ್ತು.

ರೋಗಿಗಳ ಬಳಿ ಅವರು ಒಂದು ವಿಚಿತ್ರ ಕೋರಿಕೆಯನ್ನೂ ಇಡುತ್ತಿದ್ದರು. ತಾವು ತೀರಿಕೊಂಡ ಮೇಲೆ ಈ ಕೀಲನ್ನು ಪರೀಕ್ಷೆಗಾಗಿ ಆಸ್ಪತ್ರೆಗೆ ಮರಳಿಸಲು ಒಪ್ಪಬೇಕು ಎಂದು ಕೇಳುತ್ತಿದ್ದರು. ಅನೇಕರು ಸಂತೋಷದಿಂದ ಒಪ್ಪಿದರು. ತಮ್ಮನ್ನು ನಡೆಸಿದ ಕೀಲು ಮುಂದಿನವರಿಗೆ ಇನ್ನೂ ಒಳ್ಳೆಯ ಕೀಲು ಮಾಡಲು ನೆರವಾಗಲಿ ಎಂಬ ದೊಡ್ಡ ಮನಸ್ಸು ಅವರದು. ವಿಜ್ಞಾನ ಬೆಳೆಯುವುದು ವಿಜ್ಞಾನಿಗಳಿಂದ ಮಾತ್ರವಲ್ಲ, ಇಂಥ ಸಾಮಾನ್ಯ ಜನರಿಂದ ಕೂಡ.

ಗೌರವ ಮತ್ತು ನೆನಪು

1974ರಲ್ಲಿ ಚಾರ್ನ್ಲಿ ಅವರಿಗೆ ಅಮೆರಿಕದ ಹೆಸರಾಂತ ಲಾಸ್ಕರ್ ಪ್ರಶಸ್ತಿ ಬಂತು. 1975ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಸರ್ ಐಸಾಕ್ ನ್ಯೂಟನ್ ಅಧ್ಯಕ್ಷರಾಗಿದ್ದ ಸಂಸ್ಥೆ ಅದು. 1977ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1982ರ ಆಗಸ್ಟ್ 5ರಂದು ಅವರು ತೀರಿಕೊಂಡರು.

ಅವರ ಕೀಲೂ ಪರಿಪೂರ್ಣವಾಗಿರಲಿಲ್ಲ. ಗಟ್ಟಿ ಪಾಲಿಥೀನ್ ಕೂಡ ನಿಧಾನವಾಗಿ ಸವೆಯುತ್ತದೆ ಎಂದು ಮುಂದೆ ತಿಳಿಯಿತು. ಆದ್ದರಿಂದ 1990ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಅದರ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದು ಇನ್ನೂ ಗಟ್ಟಿಯಾದ ಬಟ್ಟಲು ತಂದರು. ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ ಗುಂಡುಗಳೂ ಬಂದಿವೆ. ಇಂದು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸೊಂಟದ ಕೀಲುಗಳನ್ನು ಬದಲಿಸುತ್ತಾರೆ. ನಮ್ಮ ಕರ್ನಾಟಕದ ಆಸ್ಪತ್ರೆಗಳಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, 100 ಕೃತಕ ಸೊಂಟದ ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಎರಡು ಮೂರು ವರ್ಷಕ್ಕೇ ಸವೆದ ಟೆಫ್ಲಾನ್ ಎಲ್ಲಿ, 25 ವರ್ಷ ಎಲ್ಲಿ!

ನಿಮ್ಮ ಊರಿನಲ್ಲಿ ಯಾರಾದರೂ ಅಜ್ಜ ಅಜ್ಜಿ ಕೀಲು ಬದಲಿಸಿಕೊಂಡು ಮತ್ತೆ ನಡೆಯುತ್ತಿರಬಹುದು. ಅವರನ್ನು ಕಂಡಾಗ ಜಾನ್ ಚಾರ್ನ್ಲಿ ಅವರನ್ನು ನೆನೆಯಿರಿ. ಮಗ್ಗದ ಚಕ್ರವನ್ನು ಬಿಡದೆ ಪರೀಕ್ಷಿಸಿದ ಹ್ಯಾರಿ ಕ್ರೇವನ್ ಅವರನ್ನೂ ನೆನೆಯಿರಿ. ಎರಡನೆಯ ಬಾರಿ ಶಸ್ತ್ರಚಿಕಿತ್ಸೆಯ ಮೇಜು ಏರಬೇಕಾದ ಆ ಮೊದಲ ರೋಗಿಗಳನ್ನೂ ಮರೆಯಬೇಡಿ. ನಿಮ್ಮ ಪ್ರಯೋಗ ಕೆಟ್ಟಾಗ ಆ ಪುಟವನ್ನು ಹರಿದು ಎಸೆಯಬೇಡಿ. ಏಕೆ ಕೆಟ್ಟಿತು ಎಂದು ಅದರ ಕೆಳಗೇ ಬರೆದಿಡಿ. ಚಾರ್ನ್ಲಿ ಮಾಡಿದ್ದೂ ಅದನ್ನೇ.

ಮಾಡಿ ನೋಡಿ

ಬೇಕಾಗುವ ಸಾಮಾನು: ಒಂದು ಖಾಲಿ ಬೆಂಕಿಪೊಟ್ಟಣ, ಕೆಲವು ಸಣ್ಣ ಕಲ್ಲುಗಳು, ಒಂದು ರಬ್ಬರ್ ಬ್ಯಾಂಡ್, ಅಳತೆಪಟ್ಟಿ, ಸ್ವಲ್ಪ ಟಾಲ್ಕಂ ಪೌಡರ್.

ಪೊಟ್ಟಣದಲ್ಲಿ ಕಲ್ಲುಗಳನ್ನು ತುಂಬಿ. ಅದಕ್ಕೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ. ಪೊಟ್ಟಣವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಎಳೆಯಿರಿ. ಅದು ಕದಲುವ ಹೊತ್ತಿಗೆ ರಬ್ಬರ್ ಬ್ಯಾಂಡ್ ಎಷ್ಟು ಉದ್ದವಾಯಿತು ಎಂದು ಅಳೆದು ಬರೆಯಿರಿ. ಈಗ ಮೇಜಿನ ಮೇಲೆ ಪೌಡರ್ ಉದುರಿಸಿ ಮತ್ತೆ ಎಳೆಯಿರಿ. ಆಮೇಲೆ ಗೋಣಿತಾಟಿನ ಮೇಲೆ ಎಳೆಯಿರಿ. ಯಾವುದರಲ್ಲಿ ರಬ್ಬರ್ ಬ್ಯಾಂಡ್ ಹೆಚ್ಚು ಹಿಗ್ಗಿತು? ಯಾವುದರಲ್ಲಿ ಘರ್ಷಣೆ ಕಡಿಮೆ? ಒಂದೊಂದನ್ನೂ ಮೂರು ಮೂರು ಸಲ ಅಳೆಯಿರಿ. ನೀವು ಮೊದಲು ಊಹಿಸಿದ್ದಕ್ಕೂ ಅಳತೆಗೂ ತಾಳೆಯಾಗದಿದ್ದರೆ ಅಳತೆಯನ್ನು ತಿದ್ದಬೇಡಿ. ಊಹೆಯನ್ನು ತಿದ್ದಿಕೊಳ್ಳಿ.